ತುದಿ

ಬೋರಾ ಬಜಾರಿನ ರಾತ್ರಿಶಾಲೆ. ಎಂಟೂವರೆ.
ಹಲಗೆಯ ಮೇಲೊಂದು ತ್ರಿಕೋನ ಗೀಚಿದೆ:
ಬುಡದಲ್ಲಿ ಅನ್ನ, ಅದರ ಮೇಲೆ ಸೂರು,
ಆಮೇಲೆ ನಂಟು, ಮಾನ.
ತುದಿಗೆ ಬರುವಷ್ಟರಲ್ಲಿ ಸೀಮೆಸುಣ್ಣ ಮುರಿಯಿತು.

‘ಕೆಳಗಿನ ಮನೆ ತುಂಬದೆ
ಮೇಲಿನದಕ್ಕೆ ಹಸಿವಾಗದು’ ಎಂದೆ.
ಸಣ್ಣದೊಂದು ತೇಗು ಬಂತು.

ಮೂರನೇ ಬೆಂಚಿನ ಐತಪ್ಪ,
ಹೋಟೆಲಿನ ಲೋಟ ತೊಳೆದೂ ತೊಳೆದೂ
ಬೆರಳು ಬಿಳಿಚಿದ ಹುಡುಗ,
ಕೈ ಎತ್ತಿದ.

‘ನಾನು ಉಣ್ಣದೇ ಬರೋದು ಸಾರ್.
ಉಂಡರೆ ನಿದ್ದೆ ಎಳೆಯುತ್ತೆ,
ಲೆಕ್ಕ ತಲೆಗೆ ಹತ್ತೋದಿಲ್ಲ.’

ಯಾರೂ ನಗಲಿಲ್ಲ.
ಕೆಳಗೆ ಬೀದಿಯಲ್ಲಿ ಯಾರೋ ಶಟರ್ ಎಳೆದರು.

ನಾನು ಡಸ್ಟರ್ ಹುಡುಕಿದೆ.
‘ಅಳಿಸಬೇಡಿ ಸಾರ್’ ಎಂದ,
ಪೆನ್ಸಿಲ್ಲಿನ ಮೊನೆ ನಾಲಿಗೆಗೆ ತಾಗಿಸಿ,
‘ತುದೀಲಿ ಏನೋ ಬರೀತೀರಿ ಅಂತ
ಜಾಗ ಬಿಟ್ಟಿದ್ದೀನಿ.’