ಇಪ್ಪತ್ನಾಲ್ಕನೆಯ ಚೀಟಿ

ಪಠ್ಯಪುಸ್ತಕ ಇನ್ನೂ ಬಂದಿರಲಿಲ್ಲ.
ದೇಶ ಮಾತ್ರ ಬಂದಾಗಿತ್ತು, ಅಕ್ಟೋಬರಿನ ಒಂದು ಬುಧವಾರ,
ರಜೆಯ ಜೊತೆಗೆ.

ಎಲ್ಬೆ ದಂಡೆಯ ನಮ್ಮ ಶಾಲೆ, ಕೋಣೆ ಹದಿನಾಲ್ಕು.
ಅದೇ ಕಲ್ಲಿದ್ದಲ ಒಲೆ, ಅದೇ ಕ್ರೆಚ್‌ಮಾರ್ ಟೀಚರು,
ಅದೇ ಕಂದು ಸ್ವೆಟರು, ಮೊಣಕೈಗೆ ತೇಪೆ.
ವೇಳಾಪಟ್ಟಿಯಲ್ಲಿ ‘ಪೌರನೀತಿ’ಯ ಮೇಲೆ
ಬಿಳಿ ಕಾಗದ ಅಂಟಿಸಿ ಬೇರೆ ಹೆಸರು ಬರೆದಿದ್ದರು.
ಗೋಂದು ಇನ್ನೂ ಹಸಿ. ಅಡಿಯ ಅಕ್ಷರ ಕಾಣುತ್ತಿತ್ತು.

“ಇವತ್ತು ಮತ ಹಾಕೋದು ಕಲಿಯೋಣ.”
ಮೇಜಿನ ಮೇಲೆ ಬೂಟಿನ ಡಬ್ಬಿ.
ಹಳೇ ನಕ್ಷೆಯ ಬೆನ್ನನ್ನು ನಮ್ಮ ಕಡೆ ತಿರುಗಿಸಿ
ಮೂಲೆಗೊಂದು ಪರದೆ.

ನಮ್ಮ ಮನೆಗಳಲ್ಲಿ ಅದಕ್ಕೆ ‘ಮಡಚೋಕೆ ಹೋಗೋದು’ ಅನ್ನುತ್ತಿದ್ದರು.
ಕೊಟ್ಟ ಚೀಟಿ ಮಡಚು, ಹಾಕು, ಮನೆಗೆ ನಡೆ.
ಆಗಲೂ ಮೂಲೆಯಲ್ಲೊಂದು ಪರದೆ ಇರುತ್ತಿತ್ತು.
ಅದರ ಹಿಂದೆ ಹೋದವರ ಹೆಸರಿನ ಮುಂದೆ
ಯಾರೋ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯುತ್ತಿದ್ದರು.
ಅಪ್ಪ ಮಡಚುತ್ತಿದ್ದ, ಇಸ್ತ್ರಿ ಅಂಗಿ ಮಡಚಿದ ಹಾಗೆ.

“ಯಾವುದರ ಮೇಲೆ ಹಾಕೋಣ?”
ಪ್ರವಾಸ, ಅಂದ ಟೋರಾಲ್ಫ್. ಹ್ಯಾಂಬರ್ಗಿಗೆ, ಹಡಗು ನೋಡೋಕೆ.
ಯೋರ್ಡಿಸ್ ಎದ್ದು ನಿಂತಳು.
“ಹೋದ ವರ್ಷ ನಾನು ಕೇಳಿದ್ದೆ:
ಬೇಲಿ ಇರೋದು ಶತ್ರು ಒಳಗೆ ಬಾರದಿರಲಿ ಅಂತಾದರೆ
ಮುಳ್ಳು ನಮ್ಮ ಕಡೆಗೇ ಯಾಕೆ ಬಾಗಿದೆ?
ನೀವು ಐದು ಕೊಟ್ಟಿರಿ.
ಅದನ್ನ ತಿದ್ದಬೇಕೋ ಬೇಡವೋ, ಅದರ ಮೇಲೆ.”

ನಮ್ಮಲ್ಲಿ ಒಂದು ಅಂದರೆ ಮೇಲು, ಐದು ಅಂದರೆ ನಪಾಸು.
ಇನ್ನು ಮೇಲೆ ಆರೂ ಉಂಟು ಅಂತಿದ್ದರು:
ಬೀಳೋದಕ್ಕೂ ಒಂದು ಮೆಟ್ಟಿಲು ಹೆಚ್ಚು.

ಅದೇ ಬೇಲಿಯ ಪಾಠದಲ್ಲಿ, ಅದೇ ದಿನ,
ನನಗೆ ಒಂದು ಬಂದಿತ್ತು.
ಉರು ಹೊಡೆದ ಉತ್ತರ, ಅಲ್ಪವಿರಾಮ ಸಮೇತ.
ಅಮ್ಮ ಆ ಸಂಜೆ ಚೆರ್ರಿ ಕೇಕು ಮಾಡಿದ್ದಳು.
ಅವಳ ಐದು ಒಂದಾದರೆ
ನನ್ನ ಒಂದು ಏನಾಗಬೇಕು?
ತಿಂದ ಕೇಕನ್ನು ಯಾರಿಗೆ ವಾಪಸು ಮಾಡಲಿ?

ಟೀಚರು ಕಿಟಕಿಯಾಚೆ ತುಂಬ ಹೊತ್ತು ನೋಡಿದರು,
ಅಲ್ಲಿ ಸೈಕಲ್ ನಿಲ್ಲಿಸೋ ಜಾಗ ಬಿಟ್ಟರೆ ಏನೂ ಇಲ್ಲ.
“ಆಗಲಿ.”

ಪರದೆಯ ಹಿಂದೆ ನಕ್ಷೆಯ ಮುಖ.
ನಮ್ಮ ಊರುಗಳೆಲ್ಲ ಚುಕ್ಕಿ ಚುಕ್ಕಿ;
ರಾಜಧಾನಿಯ ಆ ಅರ್ಧ ಮಾತ್ರ ಖಾಲಿ ಬಿಳುಪು,
ಅಲ್ಲಿ ಯಾರೂ ಹಲ್ಲೇ ಉಜ್ಜುವುದಿಲ್ಲ ಅನ್ನುವಂತೆ.
ಏನು ಬರೆದೆ ಅಂತ ಇಲ್ಲೂ ಹೇಳುವುದಿಲ್ಲ.
ಗುಟ್ಟು ಅಂದರೆ ಗುಟ್ಟು.
ಹೊರಗೆ ಬರುವಷ್ಟರಲ್ಲಿ ಬೆರಳು ತಾನೇ ಮಡಚಿತ್ತು,
ಅಪ್ಪನ ಮಡಿಕೆ.

ಇಪ್ಪತ್ತಮೂರು ಮಕ್ಕಳು.
ಹೌದು, ಹನ್ನೊಂದು. ಬೇಡ, ಹನ್ನೊಂದು.
ಒಂದು ಖಾಲಿ.
ತಳದಲ್ಲಿ ಇನ್ನೊಂದು, ಮಡಚದೆ ಇದ್ದದ್ದು,
ಕೆಂಪು ಶಾಯಿಯಲ್ಲಿ: ಹೌದು.

ಆ ಕೋಣೆಯಲ್ಲಿ ಕೆಂಪು ಶಾಯಿ ಒಬ್ಬರ ಹತ್ತಿರವೇ ಇತ್ತು.

ಗದ್ದಲ. ಟೀಚರಿಗೆ ಓಟಿದೆಯಾ? ಯಾರು ಹೇಳಿದ್ದು?
ಎಲ್ಲಿ ಬರೆದಿದೆ? ಬರೆದದ್ದನ್ನು ಯಾರು ಬರೆದದ್ದು?
ಯೋರ್ಡಿಸ್ ಕೆನ್ನೆ ಕೆಂಪಾಗಿತ್ತು.
“ಅದನ್ನ ಎಣಿಸಬಾರದು,” ಅಂದಳು. “ನನ್ನ ಪರ ಇದ್ದರೂ.”

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

ಫೆಬ್ರವರಿಯಲ್ಲಿ ಟೀಚರಿಗೆ ಯಾವುದೋ ಸಮಿತಿಯ ಕಾಗದ ಬಂತು.
ಮಾರ್ಚಿನಲ್ಲಿ ಪುಸ್ತಕ ಬಂದವು, ನುಣುಪು ಹಾಳೆ, ಬಣ್ಣದ ಚಿತ್ರ,
ಜೊತೆಗೆ ಬ್ರೆಮೆನ್ನಿನ ಒಬ್ಬ ಮೇಷ್ಟ್ರು, ಒಳ್ಳೆಯವರೇ.
ಮತಪೆಟ್ಟಿಗೆಯ ಪಾಠ ನಲವತ್ತನೇ ಪುಟ.
“ಇದು ನಿಮಗೆ ಹೊಸದು,” ಅಂತ ಶುರು ಮಾಡಿದರು.

ಯೋರ್ಡಿಸ್ ನನ್ನ ಕಡೆ ತಿರುಗಿದಳು.
ಆ ಐದು, ಈ ಒಂದು, ಯಾವುದೋ ಕಪಾಟಿನಲ್ಲಿ
ಇನ್ನೂ ಹಾಗೇ ಇರಬೇಕು, ಅಕ್ಕಪಕ್ಕದ ಸಾಲಿನಲ್ಲಿ.