ಹನ್ನೊಂದು ಬಾಗಿಲು

ರೂವಿಯ ಹಳೇ ಕಟ್ಟಡ, ನಾಲ್ಕನೇ ಮಹಡಿ,
ಹಡಗಿನ ಸರಕು ಬಿಡಿಸಿಕೊಡುವ ಕಂಪನಿ.
ಹನ್ನೊಂದು ಬಾಗಿಲು, ಎರಡು ದಿನದ ಕೆಲಸ ನನಗೆ:
ಬೀಗ ಕಿತ್ತು, ಅಯಸ್ಕಾಂತ ಕೂರಿಸಿ,
ಗೋಡೆಗೊಂದು ಕರಿ ಡಬ್ಬಿ, ಅದರ ಹಣೆಗೊಂದು ಕೆಂಪು ದೀಪ.

ಇದ್ದಿನಬ್ಬ ಏಣಿ ಹಿಡಿದು ನಿಂತಿದ್ದರು.
ಸೊಂಟದಲ್ಲಿ ಗೊಂಚಲು. ಅವರು ಬರುವುದು
ಕಾಣುವ ಮೊದಲೇ ಕೇಳುತ್ತಿತ್ತಂತೆ ಎಲ್ಲರಿಗೂ;
ಕೇಳಿದ್ದೇ ತಡ, ಅಕೌಂಟ್ಸಿನ ಹುಡುಗರು
ಫೋನು ಕೆಳಗಿಡುತ್ತಿದ್ದರಂತೆ.

"ಇದನ್ನು ಒಂಚೂರು ಎತ್ತಿ ತಿರುಗಿಸಬೇಕು.
ಇದಕ್ಕೆ ವಾದಿ ತುಂಬಿ ಹರಿದ ವರ್ಷದಿಂದ ಸೆಡವು.
ಇದು ಸಾಹೇಬರ ಕೋಣೆ: ಎರಡು ಸುತ್ತು, ಆಮೇಲೆ ಅರ್ಧ ಹಿಂದಕ್ಕೆ."
ಕಿತ್ತ ಬೀಗಗಳನ್ನು ನಾನು ರಟ್ಟಿನ ಪೆಟ್ಟಿಗೆಗೆ ಎಸೆದರೆ
ಅವರು ಬಗ್ಗಿ, ಮಕಾಡೆ ಬಿದ್ದವನ್ನು
ಅಂಗಾತ ಮಾಡಿ ಮಲಗಿಸುತ್ತಿದ್ದರು.

ಇಳಕಲ್ಲಿನ ನಾನು ಕೀಲಿ ಕೊಡಿ ಅಂದರೆ
ಚಾವಿ ಕೊಡುವರು. ನಮ್ಮಲ್ಲಿ ಕೀಲಿ ಅಂದರೆ ಬೀಗವೇ.
ಅರ್ಧ ಬೆಳಿಗ್ಗೆ ಇದರಲ್ಲೇ ಹೋಯಿತು.
ಕೊನೆಗೆ ಒಪ್ಪಿಕೊಂಡೆವು:
ಅವರದು ಬೀಗದಕೈ, ನಮ್ಮದು ಕೀಲಿಕೈ,
ಎರಡಕ್ಕೂ ಕೈ ಇದೆ.
"ನಿನ್ನ ಕಾರ್ಡಿಗೆ?" ಅಂದರು.
ನಾನು ಡ್ರಿಲ್ ಚಾಲೂ ಮಾಡಿದೆ.

ಊಟದ ಹೊತ್ತಿಗೆ, ಮೀನಿನ ಮುಳ್ಳು ಬಿಡಿಸುತ್ತಾ:
"ಕರೆಂಟು ಹೋದರೆ?"
ಬ್ಯಾಟರಿ ಇದೆ. ಅದೂ ಮುಗಿದರೆ
ತಾನೇ ತೆರೆದುಕೊಳ್ಳುತ್ತದೆ ಎಂದೆ;
ಬೆಂಕಿ ಬಿದ್ದಾಗ ಜನ ಹೊರಗೋಡಬೇಕಲ್ಲ.
ಬಹಳ ಹೊತ್ತು ನಕ್ಕರು.
"ಇಪ್ಪತ್ತಾರು ವರ್ಷ ನನಗೆ ಕಲಿಸಿದ್ದು ಒಂದೇ,
ಕತ್ತಲಾದರೆ ಬಾಗಿಲು ಹಾಕು."

ಎರಡನೇ ದಿನ ಲ್ಯಾಪ್‌ಟಾಪಿನ ಮುಂದೆ.
ಯಾರಿಗೆ ಯಾವ ಬಾಗಿಲು, ಎಷ್ಟರಿಂದ ಎಷ್ಟರವರೆಗೆ.
ಮ್ಯಾನೇಜರ್ ಕೊಟ್ಟ ಹಾಳೆಯಲ್ಲಿ
ಇದ್ದಿನಬ್ಬ ಕೊನೆಯ ಸಾಲು, ಮೂವತ್ತೇಳು:
ಬೆಳಿಗ್ಗೆ ಆರು, ಸಂಜೆ ಏಳು. ಶುಕ್ರವಾರ ಇಲ್ಲ.

ಪರದೆ ಅವರಿಗೂ ತೋರಿಸಿದೆ, ಹೆಮ್ಮೆಯಿಂದಲೇ:
ನೋಡಿ, ಯಾರು ಯಾವಾಗ ಬಂದರು, ಹೋದರು,
ಸೆಕೆಂಡು ಬಿಡದೆ ಬರೆದಿಡುತ್ತದೆ.
"ರಾತ್ರಿಯೂ?"
ರಾತ್ರಿಯೂ.

ಆಮೇಲೆ ಹೇಳಿದರು, ನನಗಲ್ಲ,
ಪಕ್ಕದ ಪ್ರಿಂಟರಿಗೆ ಹೇಳಿದ ಹಾಗೆ.
ಜೂನಿನಲ್ಲಿ ಕೋಣೆಯ ಏಸಿ ಕೆಟ್ಟಾಗ
(ಮಂಚದ ಮೇಲೆ ಮಂಚ, ಏಳು ಜನ)
ಮೀಟಿಂಗ್ ರೂಮಿನ ನೀಲಿ ಕಾರ್ಪೆಟ್ಟಿಗೆ ಬಂದು ಮಲಗುತ್ತಿದ್ದರು:
ಪೇಂಟರ್ ಗೋಣಪ್ಪ, ವಡಗರದ ಡ್ರೈವರೊಬ್ಬ,
ಕೆಲಸ ಕಳಕೊಂಡು ವೀಸಾದ ದಿನ ಎಣಿಸುತ್ತಿದ್ದ ಸಿಲ್ಹೆಟ್ಟಿನ ಹುಡುಗ.
ಫಜ್ರಿನ ಬಾಂಗಿಗೆ ಎದ್ದು
ಕುರ್ಚಿಗಳನ್ನು ಇದ್ದಂತೆಯೇ ಜೋಡಿಸಿ,
ಕಾರ್ಪೆಟ್ಟಿನ ಕೂದಲು ಹೆಕ್ಕಿ, ಬೀಗ ಹಾಕಿ.
"ಬೀಗ ಯಾರಿಗೂ ಹೇಳಲಿಲ್ಲ, ಮಗಾ."

ಕಿಟಕಿಯಾಚೆ ತುಕ್ಕುಬಣ್ಣದ ಬೆಟ್ಟ.
ಮೂವತ್ತೇಳನೇ ಸಾಲಿನ ಮೇಲೆ ಬೆರಳಿಟ್ಟು ಕೂತೆ.
ಆರನ್ನು ಅಳಿಸಿ ಸೊನ್ನೆ ಹಾಕಬಹುದು,
ಇಡೀ ರಾತ್ರಿ ತೆರೆಯುವಂತೆ ಮಾಡಬಹುದು ಬಾಗಿಲನ್ನು.
ಅದರ ಬಾಯಿ ಮುಚ್ಚಿಸಲಾರೆ.

ಹನ್ನೊಂದನೆಯದು ಹಿಂದಿನ ಮೆಟ್ಟಿಲಿನದು,
ನೇರ ಮೀಟಿಂಗ್ ರೂಮಿಗೆ.
ವರದಿಯಲ್ಲಿ ಬರೆದೆ: ಚೌಕಟ್ಟು ಸೊಟ್ಟ,
ಅಯಸ್ಕಾಂತ ಕೂರುವುದಿಲ್ಲ, ಹಳೆಯ ಬೀಗವೇ ಇರಲಿ.
ಮ್ಯಾನೇಜರ್ ಓದದೆ ಸಹಿ ಹಾಕಿದರು.
ಚೌಕಟ್ಟು ಅಷ್ಟೇನೂ ಸೊಟ್ಟವಿರಲಿಲ್ಲ.

ಲಿಫ್ಟಿನವರೆಗೆ ಡ್ರಿಲ್ಲಿನ ಚೀಲ ಹೊತ್ತು ಬಂದರು ಇದ್ದಿನಬ್ಬ.
ಸೊಂಟದಲ್ಲಿ ಅದೇ ಬಳೆ, ಅದರಲ್ಲೊಂದೇ ಬೀಗದಕೈ;
ತಾಗಲು ಇನ್ನೊಂದಿಲ್ಲದೆ
ಸದ್ದೇ ಮಾಡುತ್ತಿರಲಿಲ್ಲ.