ಇನ್ನೂರ ಹದಿನಾಲ್ಕನೆಯ ಸಾಲು

ಬಳ್ಳಾರಿಯ ಮುಂಡ್ರಿಗಿಯಲ್ಲಿ, ಜೀನ್ಸ್ ಘಟಕದ ಮೆಟ್ಟಿಲ ಕೆಳಗೆ
ನನಗೊಂದು ಮೇಜು, ಒಂದು ಫ್ಯಾನು,
ಕೀಲಿಮಣೆಯ ಸಂದಿಯಲ್ಲಿ ನೀಲಿ ನೂಲಿನ ಧೂಳು.
ಮೇಲೆ ನಲವತ್ತು ಮಷಿನು ಒಮ್ಮೆಲೇ ಹೊಲಿದರೆ
ನನ್ನ ಚಹದ ಕೆನೆ ನಡುಗುತ್ತದೆ.

ನಾನು ಬರೆದ ಪ್ರೋಗ್ರಾಮಿನೊಳಗೆ
ಬಂದ ಕಟ್ಟೆಲ್ಲ ಮೊದಲು ಬರೀ 'ಉಡುಪು'.
ಪ್ಯಾಂಟೋ, ಜಾಕೆಟ್ಟೋ, ಮಕ್ಕಳ ಚಡ್ಡಿಯೋ
ನಾನೇ ಹೆಸರಿಟ್ಟು ಕರೆಯಬೇಕು,
ಇನ್ನೂರ ಹದಿನಾಲ್ಕನೆಯ ಸಾಲಿನಲ್ಲಿ.
ಕರೆಯುವುದಕ್ಕೆ ದಾರಿ ಎರಡು.

ಒಂದು, ಹೆಗಲು ಹಿಡಿದು: ನೀನು ಪ್ಯಾಂಟು, ನಡಿ.
ಹೌದಾದರೆ ನಡೆಯುತ್ತದೆ.
ಅಲ್ಲವಾದರೆ ಅಲ್ಲೇ ಕುಸಿದು
ಪರದೆ ತುಂಬ ಕೆಂಪು.

ಇನ್ನೊಂದು, ಮೆಲ್ಲಗೆ: ಪ್ಯಾಂಟೇನಪ್ಪ ನೀನು?
ಅಲ್ಲವಾದರೆ ಸಿಟ್ಟಿಲ್ಲ, ಸದ್ದಿಲ್ಲ,
ಕೈಗೊಂದು ಖಾಲಿ ಕೊಟ್ಟು ಕಳಿಸುತ್ತದೆ.

"ನಿಲ್ಲಬಾರದು ನೋಡು, ಲಾರಿ ಕಾಯಂಗಿಲ್ಲ"
ಅಂದಿದ್ದರು ಎರ್ರಿಸ್ವಾಮಿ ಸಾವ್ಕಾರರು.
ಅದಕ್ಕೇ ಮೆಲ್ಲಗೆ ಕೇಳುವುದನ್ನೇ ಬರೆದೆ.
ಕೆಳಗೊಂದು ಸೇರಿಸಿದೆ: ಖಾಲಿ ಬಂದರೆ ದಾಟಿ ಹೋಗು.
ಮೂರು ತಿಂಗಳು ನಿಲ್ಲಲಿಲ್ಲ.
ಸಾವ್ಕಾರರು ಖುಷಿಗೆ ಪ್ಯಾಂಟು ಕೊಟ್ಟರು, ಸೊಂಟ ದೊಡ್ಡದು.

ಶನಿವಾರ ಬಟವಾಡೆ.
ಕೌಲ್ ಬಜಾರಿನ ದುರುಗಮ್ಮ ಚೀಟಿ ಹಿಡಿದು ಬಂದಳು,
ಬೆರಳ ಗೆಣ್ಣಿನಲ್ಲಿ ತೊಳೆದರೂ ಹೋಗದ ನೀಲಿ.
"ಅರವತ್ತು ಜಾಕೀಟು ಹೊಲ್ದೀನಿ. ಇದರಾಗ ಸೊನ್ನಿ ಐತಿ."
ಹುಡುಕಿದೆ. ಯಾರೋ ಅವಳ ಕಟ್ಟಿಗೆ ಪ್ಯಾಂಟಿನ ಚೀಟಿ ಅಂಟಿಸಿದ್ದರು.
ನನ್ನ ಸಾಲು ಕೇಳಿತ್ತು,
ಅಲ್ಲ ಅಂದಿತ್ತು ಕಟ್ಟು,
ಸಾಲು ತಲೆಯಾಡಿಸಿ ದಾಟಿ ಹೋಗಿತ್ತು.
ಎಷ್ಟು ಮರ್ಯಾದಸ್ಥ ಸಾಲು!
ಒಂದು ವಾರದ ಕೂಲಿ ಖಾಲಿಯೊಳಗೆ ಬಿದ್ದರೂ
ಒಂದು ಬಿಕ್ಕು ಕೇಳಿರಲಿಲ್ಲ.

ಆ ರಾತ್ರಿ ಅಳಿಸಿದೆ. ಎಲ್ಲವನ್ನಲ್ಲ.
ಹೊರಗಿನ ಗುತ್ತಿಗೆ ಮಾಲು, ಮೂಟೆ ಬಿಚ್ಚುವ ತನಕ ಏನಂತ ಗೊತ್ತಿಲ್ಲ,
ಅಲ್ಲಿ ಈಗಲೂ ಕೇಳುತ್ತೇನೆ,
ಅಲ್ಲ ಅಂದರೆ ಮತ್ತೇನು ಅಂತಲೂ ಕೇಳುತ್ತೇನೆ.
ಆದರೆ ಗೊತ್ತಿರಲೇಬೇಕಾದ ಕಡೆ,
ಕೂಲಿ ಎಣಿಸುವ ಕಡೆ,
ಇನ್ನು ಹೆಗಲಿಗೇ ಕೈ.

ಸೋಮವಾರ ಹನ್ನೊಂದೂ ಇಪ್ಪತ್ತಕ್ಕೆ ಬಿತ್ತು.
ಬಿಲ್ಲು ನಿಂತವು. ಲಾರಿ ಬಿಸಿಲಲ್ಲಿ ನಿಂತಿತು.
ಮೆಟ್ಟಿಲಿಳಿಯುವ ಸಾವ್ಕಾರರ ಚಪ್ಪಲಿ, ನನ್ನ ತಲೆಯ ಮೇಲೇ.
ಕೆಂಪಿನ ನಡುವೆ ಸಾಲಿನ ಸಂಖ್ಯೆ,
ಕಟ್ಟಿನ ಸಂಖ್ಯೆ, ಹೊಲಿದವರ ಹೆಸರು.

ದುರುಗಮ್ಮ ಮೇಲಿಂದ ಬಗ್ಗಿ ಕೇಳಿದಳು,
"ಏನಾತಪ, ಕೆಟ್ಟೈತೇನು?"

"ಇಲ್ಲಬೇ," ಅಂದೆ, "ಬಾಯಿ ಬಂದೈತಿ."